ಅಪ್ಪ ಕಾದು ಕೂತಿದ್ದ 72 ಗಂಟೆ

ನವೆಂಬರ್ 21ರ ಸಂಜೆ ಅಪ್ಪನ ಖಾತೆಗೆ 1,26,000 ರೂಪಾಯಿ ಜಮೆ ಆಯಿತೆಂದು ಮೆಸೇಜ್ ಬಂತು. ನಾನು ಆಫೀಸಿನ ಮೆಟ್ಟಿಲ ಮೇಲೇ ಕೂತು ಅತ್ತೆ. ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ‘ಬಂಧಿಸಿ’ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ವಂಚಕರಿಂದ ಅಪ್ಪ ಕಳೆದುಕೊಂಡದ್ದು 18,40,000. ಒಂಬತ್ತು ತಿಂಗಳು ಬ್ಯಾಂಕು, ಠಾಣೆ, ಕೋರ್ಟು ಅಂತ ಅಲೆದ ಮೇಲೆ ಕೈಗೆ ಬಂದದ್ದು ಒಟ್ಟು 3,48,500. ಅಷ್ಟಾದರೂ ಬಂತಲ್ಲ ಅನ್ನುವವರಿದ್ದಾರೆ. ಹೋದದ್ದನ್ನೇ ಹೇಳಿ ಸಂಕಟಪಡುವವರೂ ಇದ್ದಾರೆ. ನನಗೆ ಎರಡೂ ಅನ್ನಿಸುತ್ತದೆ, ಒಂದೇ ದಿನದಲ್ಲಿ ಹತ್ತು ಸಲ.

ಇದನ್ನು ಬರೆಯುತ್ತಿರುವುದು ಹೊಟ್ಟೆಯೊಳಗಿನ ಸಿಟ್ಟನ್ನು ಹೊರಗೆ ಹಾಕಲಿಕ್ಕೂ ಹೌದು, ನಾಳೆ ಇದೇ ದಾರಿಯಲ್ಲಿ ನಡೆಯಬೇಕಾದವರಿಗೆ ಎಲ್ಲಿ ಏನು ಕೇಳುತ್ತಾರೆ ಅಂತ ತಿಳಿಸಲಿಕ್ಕೂ ಹೌದು. ನನಗೆ ಯಾರೂ ಹೇಳಿರಲಿಲ್ಲ.

ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 71. ಅಮ್ಮ 2024ರ ಆಗಸ್ಟ್‌ನಲ್ಲಿ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಒಬ್ಬರೇ. ನಾನಿರುವುದು ಬೆಂಗಳೂರಿನಲ್ಲಿ. ಬಾ ಅಂದರೆ ಬರುತ್ತಿರಲಿಲ್ಲ, ‘ನಿಮ್ಮಮ್ಮ ನೆಟ್ಟ ಗಿಡಕ್ಕೆ ನೀರು ಹಾಕೋರು ಯಾರು ಪುಟ್ಟಿ’ ಅನ್ನುತ್ತಿದ್ದರು. ಬ್ಯಾಂಕಿನಲ್ಲಿದ್ದ ಎಫ್‌ಡಿಯಲ್ಲಿ ಒಂದಷ್ಟು ಅವರ ನಿವೃತ್ತಿಯ ದುಡ್ಡು, ಒಂದಷ್ಟು ಅಮ್ಮನ ಚಿಕಿತ್ಸೆಗೆಂದು ತೆಗೆದಿಟ್ಟು, ಖರ್ಚು ಮಾಡುವುದಕ್ಕೆ ಅಮ್ಮನೇ ಉಳಿಯದೆ ಹಾಗೇ ಇದ್ದ ದುಡ್ಡು.

2025ರ ಫೆಬ್ರವರಿ 10, ಸೋಮವಾರ ಬೆಳಿಗ್ಗೆ ಅವರಿಗೊಂದು ಕರೆ ಬಂತು. ನಿಮ್ಮ ಆಧಾರ್ ಕೊಟ್ಟು ಮುಂಬೈಯಲ್ಲಿ ಯಾರೋ ಸಿಮ್ ತೆಗೆದುಕೊಂಡಿದ್ದಾರೆ, ಆ ನಂಬರಿನಿಂದ ಅಕ್ರಮ ಹಣದ ವ್ಯವಹಾರ ನಡೆದಿದೆ, ನಿಮ್ಮ ಹೆಸರಿಗೆ ವಾರಂಟ್ ಇದೆ. ಹತ್ತು ನಿಮಿಷದಲ್ಲಿ ಮಾತು ವಾಟ್ಸ್‌ಆ್ಯಪ್ ವಿಡಿಯೊ ಕರೆಗೆ ಹೋಯಿತು. ಆ ಕಡೆ ಖಾಕಿ ಹಾಕಿದವನು, ಅವನ ಹಿಂದೆ ಅಶೋಕ ಸ್ತಂಭದ ಲಾಂಛನ, ಮೇಜಿನ ಮೇಲೆ ಫೈಲುಗಳು. ಸುಪ್ರೀಂ ಕೋರ್ಟಿನದು ಅಂತ ಒಂದು ಕಾಗದ ತೋರಿಸಿದರು. ಇದು ರಾಷ್ಟ್ರೀಯ ಭದ್ರತೆಯ ವಿಷಯ, ಯಾರಿಗಾದರೂ ಹೇಳಿದರೆ ನಿಮ್ಮ ಮಗಳನ್ನೂ ಕರೆದುಕೊಂಡು ಬರಬೇಕಾಗುತ್ತದೆ ಅಂದರು. ಹಿಂದಿಯಲ್ಲಿ ಅಪ್ಪನಿಗೆ ಮಾತು ಓಡುವುದಿಲ್ಲ ಅಂತ ಗೊತ್ತಾದ ಮೇಲೆ ಇನ್ನೊಬ್ಬ ಬಂದ. ಅವನದು ಸ್ವಚ್ಛ ಕನ್ನಡ. ‘ಅಪ್ಪಾಜಿ, ನನ್ನನ್ನ ನಿಮ್ಮ ಮಗ ಅಂದ್ಕೊಳ್ಳಿ, ನಾನು ಬಿಡಿಸ್ತೀನಿ’ ಅಂದನಂತೆ. ಅಪ್ಪನಿಗೆ ಗಂಡುಮಕ್ಕಳಿಲ್ಲ. ಈ ಒಂದು ವಾಕ್ಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ರಾತ್ರಿ ಕ್ಯಾಮೆರಾ ಆರಿಸಕೂಡದು ಅಂತ ಆಜ್ಞೆ. ದೀಪ ಹಾಕಿಕೊಂಡೇ ಮಲಗಿದರು. ಮಂಗಳವಾರ ಬೆಳಿಗ್ಗೆ ‘ನ್ಯಾಯಾಧೀಶರ ಮುಂದೆ ಹಾಜರುಪಡಿಸುತ್ತೇವೆ’ ಅಂದಾಗ ಅಪ್ಪ ಸ್ನಾನ ಮಾಡಿ, ಬಿಳಿ ಷರಟಿಗೆ ಇಸ್ತ್ರಿ ಹಾಕಿಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅಡುಗೆಮನೆಯ ಮೇಜಿನ ಮುಂದೆ ಕೂತರು. ಪರದೆಯ ಮೇಲೆ ಕಪ್ಪು ಕೋಟಿನವನು ಬಂದಾಗ ಎದ್ದು ನಿಂತು ಕೈಮುಗಿದರು. ಖಾಲಿ ಮನೆಯಲ್ಲಿ, ಡಬ್ಬಿಗೆ ಒರಗಿದ ಫೋನಿನ ಮುಂದೆ. ಇದನ್ನು ಅವರು ನನಗೆ ಹೇಳಿದ್ದು ಜೂನ್ ತಿಂಗಳಲ್ಲಿ, ಅದೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು.

ಮಂಗಳವಾರ 11,50,000, ಬುಧವಾರ 6,90,000. ಎರಡೂ ಆರ್‌ಟಿಜಿಎಸ್, ಅಂದರೆ ದೊಡ್ಡ ಮೊತ್ತವನ್ನು ಬೇರೆ ಬ್ಯಾಂಕಿನ ಖಾತೆಗೆ ಕೂಡಲೇ ಕಳಿಸುವ ವ್ಯವಸ್ಥೆ, ಎರಡೂ ಅವರೇ ಶಾಖೆಗೆ ಹೋಗಿ ಚೆಕ್ಕು ಕೊಟ್ಟು ಮಾಡಿಸಿದ್ದು. ಜೇಬಿನಲ್ಲಿ ಫೋನು, ಕರೆ ಚಾಲೂ. ಕೌಂಟರಿನಲ್ಲಿ ‘ಯಾಕೆ ಸಾರ್ ಎಫ್‌ಡಿ ಮುರಿಸ್ತಿದ್ದೀರಿ’ ಅಂತ ಕೇಳಿದ್ದಾರೆ. ‘ಮಗಳಿಗೆ ಸೈಟು’ ಅನ್ನಬೇಕು ಅಂತ ಮೊದಲೇ ಬಾಯಿಪಾಠ ಮಾಡಿಸಿದ್ದರು. ಮೇಷ್ಟ್ರ ಮಾತನ್ನು ಯಾರು ಅನುಮಾನಿಸುತ್ತಾರೆ?

ಹಣವನ್ನು ಪರಿಶೀಲಿಸಿ 72 ಗಂಟೆಯಲ್ಲಿ ವಾಪಸ್ ಹಾಕುತ್ತೇವೆ, ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ ಅಂದರು. ಅಪ್ಪ ಹಾಗೇ ಮಾಡಿದರು. ಬುಧವಾರ ಮಧ್ಯಾಹ್ನದಿಂದ ಶನಿವಾರ ಮಧ್ಯಾಹ್ನದವರೆಗೆ ಕ್ಯಾಲೆಂಡರಿನ ಅಂಚಿನಲ್ಲಿ ಗಂಟೆಗಳನ್ನು ಗೀಟು ಹಾಕಿ ಎಣಿಸಿದ್ದಾರೆ. ಐದು ಗೀಟಿಗೊಂದು ಅಡ್ಡಗೀಟು, ಮಕ್ಕಳಿಗೆ ಲೆಕ್ಕ ಕಲಿಸುವ ಹಾಗೆ.

ಆ ವಾರ ನಾನು ಸೋಮವಾರವೂ ಮಂಗಳವಾರವೂ ಫೋನ್ ಮಾಡಿದ್ದೆ. ‘ತಲೆನೋವು ಪುಟ್ಟಿ, ಆಮೇಲೆ ಮಾಡ್ತೀನಿ’ ಅಂದರು. ನನಗೂ ಆಫೀಸಿನ ಕೆಲಸ, ಹ್ಞೂಂ ಅಂದು ಇಟ್ಟೆ. ಆ ದಿನಗಳಲ್ಲಿ ಯಾರಿಗೆ ಕರೆ ಮಾಡಿದರೂ ರಿಂಗ್ ಆಗುವ ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸುತ್ತಿದ್ದದ್ದು ನಿಮಗೆ ನೆನಪಿರಬಹುದು. ಅಪ್ಪನಿಗೆ ಫೋನ್ ಮಾಡುವಾಗಲೂ ಅದನ್ನೇ ಕೇಳುತ್ತಾ ಕಾಯುತ್ತಿದ್ದೆ.

ಶನಿವಾರ, 15ನೇ ತಾರೀಕು ಸಂಜೆ ಆರೂಮುಕ್ಕಾಲಿಗೆ ಅಪ್ಪನೇ ಕರೆ ಮಾಡಿದರು. ‘ಪುಟ್ಟಿ, ನಾನೊಂದು ತಪ್ಪು ಮಾಡಿಬಿಟ್ಟೆ’ ಅಂದರು. ಅಷ್ಟೇ. ಮುಂದಿನ ಮಾತು ಬರಲಿಲ್ಲ.

ನಾನು ಏನಂದೆ ಅಂತ ಮುಚ್ಚಿಡುವುದಿಲ್ಲ. ‘ಅಯ್ಯೋ, ಏನಪ್ಪಾ ನೀವು, ಪೇಪರ್ ಓದಲ್ವಾ’ ಅಂದೆ. ಓದುತ್ತಾರೆ. ದಿನಾ ಎರಡು ಪೇಪರ್ ಓದುತ್ತಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಅನ್ನುವ ವ್ಯವಸ್ಥೆಯೇ ಕಾನೂನಿನಲ್ಲಿ ಇಲ್ಲ ಅಂತ ಹೇಳಿದ್ದನ್ನು ರೇಡಿಯೊದಲ್ಲಿ ಕೇಳಿದ್ದರು ಕೂಡ. ಮತ್ತೆ ಹೇಗೆ ನಂಬಿದಿರಿ ಅಂತ ತಿಂಗಳುಗಳ ನಂತರ ಮೆಲ್ಲಗೆ ಕೇಳಿದಾಗ ಹೇಳಿದರು: ‘ಅದು ಸುಳ್ಳು ಪೊಲೀಸರ ವಿಷಯ ಅಲ್ವಾ ಪುಟ್ಟಿ. ಇವರು ನಿಜವಾದವರು ಅಂದ್ಕೊಂಡೆ.’

ಏಳೂ ಇಪ್ಪತ್ತಕ್ಕೆ 1930ಕ್ಕೆ ಕರೆ ಮಾಡಿದೆ. ಸೈಬರ್ ಹಣಕಾಸು ವಂಚನೆಗೆ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು. ದೂರು ದಾಖಲಾದ ಕೂಡಲೇ ಹಣ ಹೋದ ಬ್ಯಾಂಕಿಗೂ ಅಲ್ಲಿಂದ ಮುಂದೆ ಹೋದ ಬ್ಯಾಂಕುಗಳಿಗೂ ಸಂದೇಶ ಹೋಗಿ, ಖಾತೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ತಡೆಹಿಡಿಯುತ್ತಾರೆ. ಅವರು ಕೇಳಿದ್ದು ಹಣ ಕಳೆದುಕೊಂಡವರ ಹೆಸರು ಮತ್ತು ಮೊಬೈಲ್ ನಂಬರು, ಬ್ಯಾಂಕು, ಖಾತೆ ಸಂಖ್ಯೆ, ಹಣ ಹೋದ ದಿನ ಮತ್ತು ಹೊತ್ತು, ಮೊತ್ತ, ವ್ಯವಹಾರದ ಸಂಖ್ಯೆ, ಯಾವ ಖಾತೆಗೆ ಹೋಯಿತು. ನಾನು ತಡವರಿಸಿದ್ದು ವ್ಯವಹಾರದ ಸಂಖ್ಯೆಗೆ. ಆರ್‌ಟಿಜಿಎಸ್ ಆದರೆ ಅದು ಯುಟಿಆರ್, 22 ಅಕ್ಷರ-ಅಂಕಿಗಳದ್ದು. ಅಪ್ಪ ಕನ್ನಡಕ ಹಾಕಿಕೊಂಡು ಬ್ಯಾಂಕಿನ ಮೆಸೇಜ್ ನೋಡಿ ಒಂದೊಂದೇ ಅಕ್ಷರ ಓದಿದರು, ನಾನು ಇನ್ನೊಂದು ಫೋನಿನಲ್ಲಿ ಹೇಳಿದೆ. ನೀವು ಕರೆ ಮಾಡುವ ಮೊದಲು ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆದರೆ ಎಲ್ಲ ಸಿಗಲಿ ಅಂತ ಕಾಯಬೇಡಿ, ಇದ್ದಷ್ಟನ್ನು ಹಿಡಿದುಕೊಂಡು ಕರೆ ಮಾಡಿ.

ಸ್ವೀಕೃತಿ ಸಂಖ್ಯೆ ಮೆಸೇಜಿನಲ್ಲಿ ಬಂತು. ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಉಳಿದ ವಿವರವನ್ನೂ ದಾಖಲೆಗಳನ್ನೂ 24 ಗಂಟೆಯೊಳಗೆ ಸೇರಿಸಬೇಕು. ರಾತ್ರಿ ಒಂದೂವರೆವರೆಗೆ ಕೂತು ಸೇರಿಸಿದೆ. ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೊರಟೆ.

ಮನೆಗೆ ಹೋದಾಗ ಅಪ್ಪ ಫೋನಿನಲ್ಲಿದ್ದ ಮಾತುಕತೆಯನ್ನು ಅಳಿಸುತ್ತಾ ಕೂತಿದ್ದರು. ಯಾರಾದರೂ ನೋಡಿಯಾರು ಅಂತ. ಅರ್ಧ ಹೋಗಿತ್ತು, ಉಳಿದರ್ಧ ನನಗೆ ಸಿಕ್ಕಿತು. ದಯವಿಟ್ಟು ಏನನ್ನೂ ಅಳಿಸಬೇಡಿ, ಅಳಿಸಲು ಬಿಡಬೇಡಿ. ಕರೆ ಬಂದ ನಂಬರು, ಅವರು ಕಳಿಸಿದ ನಕಲಿ ಕಾಗದ, ಖಾತೆ ನಂಬರು ಬರೆದ ಮೆಸೇಜು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೂ ಕಳಿಸಿಡಿ. ಇವುಗಳ ಪ್ರಿಂಟ್ ಜೊತೆಗೆ, ಇವು ಆ ಫೋನಿನಿಂದಲೇ ತೆಗೆದವು ಅಂತ ದೃಢಪಡಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂನ ಪ್ರಮಾಣಪತ್ರವನ್ನು ಆಮೇಲೆ ಕೇಳಿದರು. ಹಳೆಯ ಕಾನೂನಿನಲ್ಲಿ 65ಬಿ ಅನ್ನುತ್ತಿದ್ದದ್ದು ಇದೇ.

ಸೋಮವಾರ ಬ್ಯಾಂಕು. ಖಾತೆಯಿಂದ ಹಣ ಹೊರಹೋಗದ ಹಾಗೆ ತಡೆ ಹಾಕಿಸಿ, ದೂರಿನ ಪತ್ರ ಕೊಟ್ಟು, ಸೀಲು ಹಾಕಿದ ಸ್ಟೇಟ್‌ಮೆಂಟ್ ಪಡೆದೆವು. ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲು ಮೊದಲು ಒಪ್ಪಲಿಲ್ಲ, ನಾನು ಅಲ್ಲೇ ನಿಂತೆ, ಹಾಕಿಕೊಟ್ಟರು.

ಅಲ್ಲಿ ಗೊತ್ತಾದ ವಿಷಯವೊಂದಿದೆ. ನಮಗೆ ತಿಳಿಯದ ಹಾಗೆ ಯಾರೋ ಖಾತೆಯಿಂದ ಹಣ ಎಗರಿಸಿದರೆ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ನೆರವಿಗೆ ಬರುತ್ತದೆ. ನಮ್ಮ ತಪ್ಪಿಲ್ಲದೆ ಆದ ವ್ಯವಹಾರವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬರುವುದಿಲ್ಲ. ಆದರೆ ಅಪ್ಪನ ವಿಷಯದಲ್ಲಿ ಚೆಕ್ಕಿಗೆ ಸಹಿ ಹಾಕಿದ್ದು ಅಪ್ಪನೇ. ಕುತ್ತಿಗೆಯ ಮೇಲೆ ಕತ್ತಿ ಇಟ್ಟು ಹಾಕಿಸಿದ ಸಹಿಯೂ ಕಾಗದದ ಮೇಲೆ ಸಹಿಯೇ. ಬ್ಯಾಂಕಿನವರು ಲಿಖಿತವಾಗಿ ಹಾಗೇ ಉತ್ತರ ಕೊಟ್ಟರು. ನಿಮ್ಮದು ಮೊದಲ ರೀತಿಯ ಪ್ರಕರಣವಾಗಿದ್ದು, ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಊರಿನ ಠಾಣೆಯಲ್ಲಿ ಇದು ಇಲ್ಲಿ ಆಗುವುದಿಲ್ಲ, ಜಿಲ್ಲಾ ಕೇಂದ್ರದ ಸೆನ್ ಠಾಣೆಗೆ ಹೋಗಿ ಅಂದರು. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಇರುವ ಠಾಣೆ ಅದು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವ ಹಾಗಿಲ್ಲ ಅನ್ನುವುದೂ ಒಂದು ಕಾರಣ. ಆದರೆ ಯಾವ ಠಾಣೆಯಲ್ಲಾದರೂ ‘ಝೀರೋ ಎಫ್‌ಐಆರ್’ ದಾಖಲಿಸಿ ವರ್ಗಾಯಿಸಬಹುದು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿದೆ. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದು ದಿನ ಉಳಿಯುತ್ತಿತ್ತು.

ಜಿಲ್ಲಾ ಕೇಂದ್ರಕ್ಕೆ 42 ಕಿಲೋಮೀಟರ್. ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ದುಡ್ಡಿಲ್ಲ, ಅಪ್ಪನಿಗೆ ಮಾತ್ರ. ಮಂಗಳವಾರ ಹತ್ತಕ್ಕೆ ಹೋಗಿ ಕೂತವರನ್ನು ಕರೆದದ್ದು ಒಂದೂವರೆಗೆ. ದೂರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತದೆ ಕೇಳಿದರು: ‘ಮೇಷ್ಟ್ರಾಗಿ ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಾರ್?’

ಈ ಪ್ರಶ್ನೆಯನ್ನು ಅಪ್ಪನಿಗೆ ಬ್ಯಾಂಕಿನಲ್ಲಿ ಕೇಳಿದ್ದರು. ಚಿಕ್ಕಪ್ಪ ಕೇಳಿದರು. ಹಾಲು ಹಾಕುವವನೂ ಕೇಳಿದ. ಅಪ್ಪ ಪ್ರತಿ ಸಲವೂ ತಲೆ ತಗ್ಗಿಸಿ ‘ತಪ್ಪಾಯ್ತು’ ಅನ್ನುತ್ತಿದ್ದರು, ಕದ್ದವರು ಇವರೇ ಅನ್ನುವ ಹಾಗೆ. ಆ ದಿನ ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ಅಪ್ಪನಿಗೆ ನೀರಿನ ಲೋಟ ತಂದುಕೊಟ್ಟು, ‘ಈ ವಾರ ಬಂದವರಲ್ಲಿ ನೀವು ಮೂರನೆಯವರು ಸಾರ್. ಹೋದ ವಾರ ಬಂದಿದ್ದವರು ಡಾಕ್ಟ್ರು’ ಅಂದರು. ಬರುವಾಗ ಬಸ್ಸಿನಲ್ಲಿ ಅಪ್ಪ ಮೊದಲ ಸಲ ಹಸಿವಾಗುತ್ತಿದೆ ಅಂದರು. ಆ ಹೆಣ್ಣುಮಗಳಿಗೆ ತಾನು ಏನು ಕೊಟ್ಟೆ ಅಂತ ಗೊತ್ತಿರಲಿಕ್ಕಿಲ್ಲ.

ಎಫ್‌ಐಆರ್ ಆಯಿತು. ಐಟಿ ಕಾಯ್ದೆಯ 66ಸಿ, 66ಡಿ, ಭಾರತೀಯ ನ್ಯಾಯ ಸಂಹಿತೆಯ 318(4), 319(2), ಅಂದರೆ ಗುರುತು ಕದ್ದದ್ದು, ಸೋಗು ಹಾಕಿ ವಂಚಿಸಿದ್ದು. ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಮೂರನೇ ದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು: ನಿವೃತ್ತ ಶಿಕ್ಷಕರಿಗೆ ₹18.40 ಲಕ್ಷ ವಂಚನೆ. ಹೆಸರಿರಲಿಲ್ಲ. ಆದರೆ ನಮ್ಮಂಥ ಊರಿನಲ್ಲಿ ಹೆಸರು ಬೇಕಾಗುವುದಿಲ್ಲ. ಅಪ್ಪ ಅವತ್ತಿನಿಂದ ಗ್ರಂಥಾಲಯಕ್ಕೆ ಹೋಗುವುದನ್ನು ಬಿಟ್ಟರು.

ಆ ಸುದ್ದಿಯ ಕೆಳಗೆ ಮೊಬೈಲಿನಲ್ಲಿ ಜನ ಬರೆದದ್ದನ್ನು ನಾನು ಓದಬಾರದಿತ್ತು, ಓದಿದೆ. ದುರಾಸೆಗೆ ತಕ್ಕ ಶಾಸ್ತಿ ಅಂತ ಒಬ್ಬರು. ಇಷ್ಟು ದುಡ್ಡು ಮೇಷ್ಟ್ರಿಗೆ ಎಲ್ಲಿಂದ ಬಂತು ಅಂತ ಇನ್ನೊಬ್ಬರು. ಯಾವ ದುರಾಸೆ? ಅವರು ಎರಡರಷ್ಟು ಮಾಡಿಕೊಡಿ ಅಂತ ಯಾರಿಗೂ ಕೊಡಲಿಲ್ಲ. ಮಗಳಿಗೆ ತೊಂದರೆ ಆಗದಿರಲಿ ಅಂತ ಕೊಟ್ಟರು. ದಿನವೂ ಪೇಪರ್ ತೆರೆದರೆ ಇಂಥದ್ದೊಂದು ಸುದ್ದಿ ಇದ್ದೇ ಇರುತ್ತದೆ. 2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಅಂತ ಗೃಹ ಸಚಿವಾಲಯವೇ ಸಂಸತ್ತಿಗೆ ಹೇಳಿದೆ. ಅಷ್ಟೂ ದುಡ್ಡು ದಡ್ಡರದ್ದೇ? ಕೆಲವು ಸಾವಿರಕ್ಕೆ ತಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆ ಕೊಡುವವರು, ಬೇರೆಯವರ ಹೆಸರಿನಲ್ಲಿ ಸಿಮ್ ಮಾರುವವರು, ಅವರ ಬಗ್ಗೆ ಯಾರಿಗೂ ಇಷ್ಟು ಕೋಪ ಬಂದದ್ದನ್ನು ನಾನು ನೋಡಲಿಲ್ಲ. ನಮ್ಮ ಕೋಪವೆಲ್ಲ ಮನೆಯಲ್ಲಿ ಒಬ್ಬರೇ ಇರುವ ಮುದುಕರ ಮೇಲೆ.

ಮಾರ್ಚ್‌ನಲ್ಲಿ ತನಿಖಾಧಿಕಾರಿ ಹಣ ಹೋದ ದಾರಿಯನ್ನು ತೋರಿಸಿದರು. ಮಂಗಳವಾರದ 11,50,000 ಮೊದಲ ಖಾತೆಗೆ ಬಿದ್ದು ನಲವತ್ತು ನಿಮಿಷದೊಳಗೆ 27 ಖಾತೆಗಳಿಗೆ ಒಡೆದುಹೋಗಿತ್ತು. ಅಲ್ಲಿಂದ ಮತ್ತೆ ಬೇರೆ ಖಾತೆ, ಎಟಿಎಂ, ಕ್ರಿಪ್ಟೊ. ಇವರ ಭಾಷೆಯಲ್ಲಿ ಒಂದೊಂದು ಹಂತಕ್ಕೂ ‘ಲೇಯರ್’ ಅನ್ನುತ್ತಾರೆ. ನಾಲ್ಕು ದಿನ ಕಳೆದು ದೂರು ಕೊಟ್ಟಾಗ ಮೂರನೇ ಲೇಯರಿನ ನಾಲ್ಕು ಖಾತೆಗಳಲ್ಲಿ ಉಳಿದಿದ್ದದ್ದು 2,10,000, 1,26,000, 63,500 ಮತ್ತು 12,500. ಒಟ್ಟು 4,12,000 ‘ಹೋಲ್ಡ್’ ಆಗಿತ್ತು. ‘ಬುಧವಾರವೇ ಫೋನ್ ಮಾಡಿದ್ದಿದ್ರೆ ಎರಡನೇ ಕಂತಾದ್ರೂ ಸಿಕ್ತಿತ್ತು ಮೇಡಂ’ ಅಂದರು. ಆ 72 ಗಂಟೆಯ ಮಾತು ಯಾಕೆ ಕೊಟ್ಟಿದ್ದರು ಅಂತ ನನಗೆ ಅರ್ಥವಾದದ್ದು ಆಗ.

ಈ ನಾಲ್ಕು ಖಾತೆಗಳ ಪಟ್ಟಿಯೇ ಮುಂದಿನ ಎಲ್ಲದಕ್ಕೂ ಆಧಾರ. ಬ್ಯಾಂಕು, ಶಾಖೆ, ಖಾತೆ ಸಂಖ್ಯೆ, ತಡೆಹಿಡಿದ ಮೊತ್ತ. ಠಾಣೆಯಿಂದ ಲಿಖಿತವಾಗಿ ಪಡೆಯಿರಿ. ಹೋಲ್ಡ್ ಆಯಿತು ಅಂದರೆ ಹಣ ತಾನಾಗಿ ಬರುತ್ತದೆ ಅಂತ ನಾನು ಎರಡು ತಿಂಗಳು ಸುಮ್ಮನೆ ಕಾದೆ. ಹಾಗಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು ಅಂತ ಹೇಳಿದ್ದು ಠಾಣೆಯ ಎದುರಿನ ಜೆರಾಕ್ಸ್ ಅಂಗಡಿಯವರು.

ಆ ಎರಡು ತಿಂಗಳಲ್ಲಿ ಇನ್ನೊಂದು ಕರೆ ಬಂತು. ನಿಮ್ಮ ದೂರಿನ ಸಂಖ್ಯೆ ನಮ್ಮ ಹತ್ತಿರ ಇದೆ, ಹಣ ಬಿಡಿಸಿಕೊಡುತ್ತೇವೆ, ಮೊದಲು ಶುಲ್ಕ ಅಂತ 18,000 ಕಟ್ಟಿ. ಮೋಸ ಹೋದವರನ್ನು ಎರಡನೇ ಸಲ ಹುಡುಕಿಕೊಂಡು ಬರುತ್ತಾರೆ. ಮುಂಗಡ ಶುಲ್ಕ ಕಟ್ಟಿಸಿಕೊಂಡು ಯಾರೂ ಹಣ ಬಿಡಿಸಿಕೊಡುವುದಿಲ್ಲ. ಅಪ್ಪನ ಕೈ ನಡುಗುತ್ತಿತ್ತು, ಫೋನು ನನಗೆ ಕೊಟ್ಟರು.

ಅಪ್ಪ ರಾತ್ರಿ ದೀಪ ಆರಿಸಿ ಮಲಗುತ್ತಿಲ್ಲ ಅನ್ನುವುದು ನನಗೆ ತಿಳಿದದ್ದು ಏಪ್ರಿಲ್‌ನಲ್ಲಿ ಅವರನ್ನು ಬೆಂಗಳೂರಿಗೆ ಕರೆತಂದ ಮೇಲೆ. ಊಟ ಎರಡು ತುತ್ತು. ಒಂದು ರಾತ್ರಿ, ‘ನಿಮ್ಮಮ್ಮ ಇದನ್ನ ನೋಡದೆ ಹೋಗಿದ್ದೇ ಒಳ್ಳೇದಾಯ್ತು, ನಾನೂ ಹೋಗಿದ್ರೆ’ ಅಂದು ನಿಲ್ಲಿಸಿದರು. ಮರುದಿನ ಬೆಳಿಗ್ಗೆಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಿದರು. ಅಪ್ಪನ ಜೊತೆ ಮುಕ್ಕಾಲು ಗಂಟೆ. ಅವರು ಒಂದೇ ಒಂದು ಸಲವೂ ‘ನೀವೇ ಹೀಗೆ ಮಾಡಿದ್ರೆ’ ಅನ್ನಲಿಲ್ಲ. ಆಮೇಲೆ ಮನೋವೈದ್ಯರ ಹತ್ತಿರವೂ ಹೋದೆವು. ದುಡ್ಡಿನ ಹಿಂದೆ ಓಡುವ ಗಡಿಬಿಡಿಯಲ್ಲಿ ಮನುಷ್ಯರನ್ನು ನೋಡುವುದು ಮರೆತುಹೋಗುತ್ತದೆ, ನನಗೆ ಮರೆತೇ ಹೋಗಿತ್ತು. ನಿಮ್ಮ ಮನೆಯಲ್ಲಿ ಹೀಗಾದರೆ ಬ್ಯಾಂಕಿಗೆ ಹೋದ ವಾರವೇ ಈ ಕರೆಯನ್ನೂ ಮಾಡಿ.

ಮೇನಲ್ಲಿ ವಕೀಲರನ್ನು ಹಿಡಿದು ಅರ್ಜಿ ಹಾಕಿದೆವು. ಅದಕ್ಕೆ ಎಫ್‌ಐಆರ್, ದೂರಿನ ಸ್ವೀಕೃತಿ, ಸೀಲು ಹಾಕಿದ ಸ್ಟೇಟ್‌ಮೆಂಟ್, ಹೋಲ್ಡ್ ಪಟ್ಟಿ, ಆಧಾರ್, ಪ್ಯಾನ್, ಪಾಸ್‌ಬುಕ್ ಪ್ರತಿ. ಅಲ್ಲಿ ಮೊದಲ ತೊಡಕು: ಬ್ಯಾಂಕಿನಲ್ಲಿ ಅಪ್ಪನ ಹೆಸರಿಗೆ ಇನಿಷಿಯಲ್ ಎರಡು, ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಪೂರ್ತಿ ಹೆಸರು. ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಜೂನ್‌ನಲ್ಲಿ ತನಿಖಾಧಿಕಾರಿಗೆ ವರ್ಗಾವಣೆ. ಹೊಸಬರು ಕಡತ ನೋಡುವವರೆಗೆ ಠಾಣೆಯಿಂದ ಕೋರ್ಟಿಗೆ ವರದಿ ಹೋಗಲಿಲ್ಲ, ಸರ್ಕಾರದ ಪರ ವಕೀಲರಾದ ಎಪಿಪಿಯವರು ತಕರಾರು ಸಲ್ಲಿಸಲು ಸಮಯ ಕೇಳಿದರು, ಮೂರು ದಿನಾಂಕ ಸುಮ್ಮನೆ ಹೋದವು. ನಮ್ಮ ಪ್ರಕರಣದ ಸಂಖ್ಯೆ ಕೂಗುವವರೆಗೆ ಕೋರ್ಟ್ ಹಾಲ್‌ನ ಹೊರಗೆ ಬೆಂಚಿನ ಮೇಲೆ ಕೂರುವುದು, ಅರ್ಧ ನಿಮಿಷ ಒಳಗೆ ನಿಲ್ಲುವುದು, ಮತ್ತೆ ಬಸ್ಸು.

ಆಗಸ್ಟ್ 7ರಂದು ವಿಚಾರಣೆ ನಡೆಯಿತು. ಅಪ್ಪ ನೀಲಿ ಗೀಟಿನ ಷರಟು ಹಾಕಿಕೊಂಡಿದ್ದರು. ಬಿಳಿಯದನ್ನು ಫೆಬ್ರವರಿಯಿಂದ ಮುಟ್ಟಿಲ್ಲ. ನ್ಯಾಯಾಧೀಶರು ಬಂದಾಗ ಎಲ್ಲರೂ ಎದ್ದರು, ಅಪ್ಪನೂ ಎದ್ದರು, ಎಲ್ಲರೂ ಕೂತ ಮೇಲೂ ನಿಂತೇ ಇದ್ದರು. ನಾನು ಮೊಣಕೈ ಹಿಡಿದು ಕೂರಿಸಿದೆ. ಅವರ ಅಂಗೈ ಒದ್ದೆಯಾಗಿತ್ತು.

ಆದೇಶ ನಮ್ಮ ಪರವಾಗಿ ಬಂತು: ನಷ್ಟಭರ್ತಿ ಬಾಂಡ್ ಮತ್ತು ಒಬ್ಬ ಜಾಮೀನುದಾರರ ಮೇಲೆ ಹಣ ಬಿಡುಗಡೆ. ಜಾಮೀನಿಗೆ ಚಿಕ್ಕಪ್ಪ ಪಹಣಿ ಹಿಡಿದುಕೊಂಡು ಬಂದರು, ಫೆಬ್ರವರಿಯಲ್ಲಿ ಆಡಿದ ಮಾತಿಗೆ ಅದೇ ಅವರ ಉತ್ತರ. ಸಂಭ್ರಮಪಡುವ ಮೊದಲೇ ಇನ್ನೊಂದು ಏಟು. ದೃಢೀಕೃತ ಪ್ರತಿ ತೆಗೆದುಕೊಂಡು ಹೋದರೆ 2,10,000ದ ಖಾತೆ ಸಂಖ್ಯೆಯಲ್ಲಿ ಎರಡು ಅಂಕಿ ಹಿಂದುಮುಂದಾಗಿವೆ. ಬ್ಯಾಂಕು ಒಪ್ಪಲಿಲ್ಲ. ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ದಿನಾಂಕ, ಏಳು ವಾರ. ಆದೇಶ ಕೈಗೆ ಬಂದ ಕೂಡಲೇ, ಕೋರ್ಟಿನ ಆವರಣ ಬಿಡುವ ಮೊದಲು, ಒಂದೊಂದು ಅಂಕಿಯನ್ನೂ ಹೋಲ್ಡ್ ಪಟ್ಟಿಯ ಜೊತೆ ತಾಳೆ ನೋಡಿ. ಅರ್ಜಿಯಲ್ಲೇ ತಪ್ಪಾಗಿತ್ತೇ ಅಂತ ಮೊದಲು ನೋಡಿ, ನಮ್ಮದರಲ್ಲಿ ಅರ್ಜಿಯಲ್ಲೇ ತಪ್ಪಾಗಿತ್ತು.

ಆದೇಶವನ್ನು ಠಾಣೆಯವರು ಆಯಾ ಬ್ಯಾಂಕಿನಲ್ಲಿ ಇಂಥ ಪ್ರಕರಣ ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಬೇಕು. ಇಮೇಲ್ ಹೋಯಿತೇ ಅಂತ ವಾರಕ್ಕೊಮ್ಮೆ ವಿಚಾರಿಸುತ್ತಿರಿ. 12,500 ಆರು ದಿನದಲ್ಲಿ ಬಂತು. 2,10,000 ಅಕ್ಟೋಬರ್ ಕೊನೆಗೆ. 1,26,000 ನವೆಂಬರ್ 21ಕ್ಕೆ. 63,500 ಇದ್ದ ಖಾತೆಯ ಮೇಲೆ ಬೇರೆ ರಾಜ್ಯದ ಪೊಲೀಸರ ಹೋಲ್ಡ್ ಕೂಡ ಇದೆ, ಅಲ್ಲಿಯೂ ಯಾರೋ ನಮ್ಮಂಥವರು ದೂರು ಕೊಟ್ಟಿದ್ದಾರೆ. ಅವರದೆಷ್ಟು, ನಮ್ಮದೆಷ್ಟು ಅಂತ ತೀರ್ಮಾನ ಆಗಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನೆಯಲ್ಲಿಯೂ ಯಾರೋ ದೀಪ ಹಾಕಿಕೊಂಡೇ ಮಲಗುತ್ತಿರಬಹುದು.

ಖರ್ಚು ಎಷ್ಟಾಯಿತು ಅಂತ ಬಹಳ ಜನ ಕೇಳುತ್ತಾರೆ. ವಕೀಲರಿಗೆ 20,000. ಛಾಪಾಕಾಗದ, ನೋಟರಿ, ದೃಢೀಕೃತ ಪ್ರತಿಗಳು, ಪ್ರಿಂಟು, ಓಡಾಟ ಸೇರಿ 6,000 ದಾಟಿತು. ನನಗೆ 13 ದಿನ ರಜೆ, ಅದರಲ್ಲಿ 4 ದಿನದ್ದು ಸಂಬಳ ಹೋಯಿತು. ಅವಧಿಗೆ ಮೊದಲೇ ಎಫ್‌ಡಿ ಮುರಿಸಿದ್ದಕ್ಕೆ ಬಡ್ಡಿ ಕಡಿತ ಬೇರೆ. ಸಣ್ಣ ಮೊತ್ತಕ್ಕೆ ವಕೀಲರಿಲ್ಲದೆ ನೀವೇ ಅರ್ಜಿ ಹಾಕಿಕೊಳ್ಳಬಹುದು. ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

ಅಕ್ಟೋಬರ್‌ನಲ್ಲಿ ಹರಿಯಾಣದ ಅಂಬಾಲಾದ ಹಿರಿಯ ದಂಪತಿಯ ಪ್ರಕರಣ ಹಿಡಿದುಕೊಂಡು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಈ ವಿಷಯ ಕೈಗೆತ್ತಿಕೊಂಡಿತು. ಡಿಸೆಂಬರ್ 1ರಂದು ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆ ದಂಪತಿಗೂ ಸುಪ್ರೀಂ ಕೋರ್ಟಿನ ನಕಲಿ ಕಾಗದ ತೋರಿಸಿಯೇ ಹೆದರಿಸಿದ್ದರು. ಪೇಪರಿನಲ್ಲಿ ಆ ಸುದ್ದಿಯನ್ನು ಅಪ್ಪ ಎರಡು ಸಲ ಓದಿ, ಕತ್ತರಿಯಿಂದ ನೀಟಾಗಿ ಕತ್ತರಿಸಿ ನನ್ನ ಮುಂದೆ ಇಟ್ಟರು. ‘ಗಂಡ ಹೆಂಡತಿ ಇಬ್ಬರಿದ್ದೂ ಹೆದರಿದ್ದಾರೆ ನೋಡು’ ಅಂದರು. ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ತಪ್ಪಾಯ್ತು ಅನ್ನುವ ರಾಗ ಇರಲಿಲ್ಲ.

ಆ ತುಣುಕು ಈಗ ಕೇಸಿನ ಫೈಲಿನಲ್ಲಿದೆ, ಎಫ್‌ಐಆರ್‌ನ ಹಿಂದೆ. ಅಪ್ಪ ಊರಿಗೆ ವಾಪಸಾಗಿದ್ದಾರೆ, ಅಮ್ಮನ ಗಿಡಗಳಲ್ಲಿ ಎರಡು ಒಣಗಿದ್ದವಂತೆ. 63,500ದ ಮುಂದಿನ ದಿನಾಂಕ ಜನವರಿ 19, ಸೋಮವಾರ. ನನಗೆ ರಜೆ ಇಲ್ಲ, ಒಬ್ಬರೇ ಹೋಗುತ್ತೀರಾ ಅಂತ ಕೇಳಿದೆ. ಹೋಗುತ್ತೇನೆ ಅಂದರು.